ಕೂಗಿದರೆ ಹಿಮ ಕುಸಿಯುತ್ತದೆಯೇ?

ಕಾರ್ಟೂನುಗಳಲ್ಲಿ ನೀವೂ ನೋಡಿರುತ್ತೀರಿ. ಹಿಮದ ಬೆಟ್ಟದ ಬುಡದಲ್ಲಿ ಒಬ್ಬ ನಿಂತು "ಹೋ" ಎಂದು ಕೂಗುತ್ತಾನೆ, ಬೆಟ್ಟವೇ ಅವನ ತಲೆಯ ಮೇಲೆ ಬೀಳುತ್ತದೆ. ಇದು ನಿಜವೇ ಎಂದು ಆರನೇ ಕ್ಲಾಸಿನ ಹುಡುಗಿಯೊಬ್ಬಳು ಕಾರ್ಡು ಬರೆದು ಕೇಳಿದ್ದಾಳೆ. ಇಲ್ಲ ಮಗೂ. ಮನುಷ್ಯರ ಗಂಟಲಿಗೆ ಅಷ್ಟು ಬಲವಿಲ್ಲ. ಹಿಮ ಕುಸಿಯುವುದು ಕೂಗಿಗಲ್ಲ, ಭಾರಕ್ಕೆ.

ಹೇಗೆಂದು ತಿಳಿಯಲು ಅಡುಗೆಮನೆಗೆ ಹೋಗೋಣ. ಸ್ಟೀಲ್ ತಟ್ಟೆಯಲ್ಲಿ ಒಂದು ಹಿಡಿ ಸಕ್ಕರೆ ಹರಡಿ, ಅದರ ಮೇಲೆ ಕರಿಯದ ಹಪ್ಪಳ ಒಂದನ್ನು ಇಡಿ. ತಟ್ಟೆಯ ಒಂದು ಅಂಚನ್ನು ನಿಧಾನವಾಗಿ ಮೇಲೆತ್ತಿ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಸರ್ರನೆ ಹಪ್ಪಳ ಇಡಿಯಾಗಿ ಜಾರುತ್ತದೆ. ಬೆಟ್ಟದ ಮೇಲೂ ಹೀಗೇ. ಒಂದೊಂದು ಸಲ ಬಿದ್ದ ಹಿಮ ಒಂದೊಂದು ಪದರವಾಗಿ ಕೂರುತ್ತದೆ. ಒಳಗಿನ ಯಾವುದೋ ಪದರ ಸಕ್ಕರೆಯ ಹಾಗೆ ಹರಳು ಹರಳಾಗಿ, ಒಂದಕ್ಕೊಂದು ಅಂಟದೆ ಉಳಿದಿರುತ್ತದೆ. ಅದರ ಮೇಲೆ ಗಟ್ಟಿ ಹಿಮದ ಹಾಸು. ಆ ಹಾಸಿನ ಮೇಲೆ ಒಬ್ಬರು ಕಾಲಿಟ್ಟರೂ ಸಾಕು, ಒಳಗಿನ ಹರಳಿನ ಪದರ ಮುರಿದು, ಮೇಲಿನದೆಲ್ಲ ಒಂದೇ ಸಲಕ್ಕೆ ಹೊರಡಬಹುದು.

ನಿಮ್ಮ ಕಂಪಾಸ್ ಬಾಕ್ಸಿನ ಕೋನಮಾಪಕ ತೆಗೆದು 30 ಡಿಗ್ರಿ ನೋಡಿ, ಆಮೇಲೆ 45. ಹಾಸು ಹಾಸಾಗಿ ಜಾರುವ ಹಿಮಕುಸಿತಗಳು ಹೆಚ್ಚಾಗಿ ಈ ಎರಡರ ನಡುವಿನ ಇಳಿಜಾರಿನಲ್ಲೇ ಹುಟ್ಟುತ್ತವೆ. ಕಷ್ಟವೇನೆಂದರೆ, ಸ್ಕೀ ಹಲಗೆ ಕಟ್ಟಿಕೊಂಡು ಜಾರುವವರಿಗೆ ಮಜಾ ಸಿಗುವ ಇಳಿಜಾರೂ ಅದೇ.

ಅಮೆರಿಕದಲ್ಲಿ ಟಿಕೆಟ್ ಕೊಂಡು ಸ್ಕೀ ಮಾಡುವ ಬೆಟ್ಟಗಳಿವೆ. ಅಪಾಯದ ಹಿಮವನ್ನು ಅಲ್ಲಿನ ಕಾವಲಿನವರು ಸಿಡಿಮದ್ದು ಹಾಕಿ ಮೊದಲೇ ಬೀಳಿಸುತ್ತಾರೆ. ಅದರ ಆಚೆಯ ಕಾವಲಿಲ್ಲದ ಬೆಟ್ಟಗಳಿಗೆ ಬ್ಯಾಕ್‌ಕಂಟ್ರಿ ಎನ್ನುತ್ತಾರೆ. ಅಲ್ಲಿ ಜನ ಹಿಮದಡಿ ಸಿಕ್ಕಿದ ಪ್ರಸಂಗಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಸಲ ಆ ಹಿಮವನ್ನು ಜಾರಿಸಿದ್ದು ಅವರೇ, ಇಲ್ಲವೇ ಅವರ ಜೊತೆಯವರೇ.

2012ರ ಫೆಬ್ರವರಿ 19ರಂದು ವಾಷಿಂಗ್ಟನ್ ರಾಜ್ಯದ ಸ್ಟೀವನ್ಸ್ ಪಾಸ್ ಹತ್ತಿರ ಟನಲ್ ಕ್ರೀಕ್ ಎಂಬಲ್ಲಿಗೆ ಒಂದು ದೊಡ್ಡ ಗುಂಪು ಹೊರಟಿತು. ಬಹುಪಾಲು ಎಲ್ಲರೂ ಪಳಗಿದ ಕೈಗಳೇ. ಹೊಸ ಹಿಮ ಬಹಳ ಬಿದ್ದಿತ್ತು. ಇಂದು ಬೇಡವೇನೋ ಎಂದು ಕೆಲವರಿಗೆ ಒಳಗೊಳಗೇ ಅನಿಸಿತ್ತಂತೆ, ಆದರೆ ಇಷ್ಟು ಬಲ್ಲವರ ನಡುವೆ ನಾನೇನು ಹೇಳುವುದು ಎಂದು ಸುಮ್ಮನಾದರು. ಹಿಮ ಕುಸಿದು ಮೂವರು ತೀರಿಕೊಂಡರು. ಎಲೀಸ್ ಸಾಗ್‌ಸ್ಟಾಡ್ ಎಂಬ ಸ್ಕೀ ಆಟಗಾರ್ತಿ ಬೆನ್ನಚೀಲದ ಹಿಡಿ ಎಳೆದು ಗಾಳಿಚೀಲ ಉಬ್ಬಿಸಿಕೊಂಡಿದ್ದರಿಂದ ಬದುಕಿದರು. ಕೂಗಿಗೆ ಹಿಮ ಬೀಳುವುದಿಲ್ಲ ಎಂದೆನಲ್ಲ, ಬಾಯಿ ಬಿಡದೆ ಉಳಿದದ್ದರಿಂದ ಹೀಗೆ ಆಗಿದ್ದುಂಟು.

ಹೆಣ್ಣುಮಕ್ಕಳಿಗೆಂದೇ ನಡೆಸುವ 'ಸೇಫ್ ಆಸ್' ಎಂಬ ಹಿಮಕುಸಿತದ ತರಗತಿಗಳನ್ನು ಕಟ್ಟಿದವರಲ್ಲಿ ಈ ಎಲೀಸ್ ಅವರೂ ಒಬ್ಬರು. ಮಿಶೆಲ್ ಪಾರ್ಕರ್, ಇಂಗ್ರಿಡ್ ಬ್ಯಾಕ್‌ಸ್ಟ್ರಾಮ್ ಮುಂತಾದ ಹೆಸರುವಾಸಿ ಆಟಗಾರ್ತಿಯರೂ ಜೊತೆಗಿದ್ದರು. ಪಾಠ ಕೋಣೆಯಲ್ಲೂ ಉಂಟು, ಹಿಮದ ಮೇಲೂ ಉಂಟು.

ಹಿಮಕ್ಕೆ ಗಂಡು ಹೆಣ್ಣು ಗೊತ್ತಿಲ್ಲ, ಬೇರೆ ತರಗತಿ ಯಾಕೆ ಎಂದು ಯಾವ ಅಜ್ಜನಾದರೂ ಕೇಳಿಯಾರು. ಕೇಳಬೇಕಾದ ಪ್ರಶ್ನೆಯೇ. ಮನೆಯಲ್ಲಿ ಫ್ಯೂಸ್ ಹಾಕುವುದು ಅಪ್ಪನೊಬ್ಬನಿಗೇ ಗೊತ್ತು ಎಂದಿಟ್ಟುಕೊಳ್ಳಿ. ಅಪ್ಪ ಊರಲ್ಲಿಲ್ಲದ ರಾತ್ರಿ ಎಲ್ಲರೂ ಕತ್ತಲೆಯಲ್ಲಿ ಕೂರಬೇಕು. ಗಂಡನೋ ಗೆಳೆಯನೋ ದಾರಿ ತೋರಿಸುತ್ತಾನೆಂದು ಹಿಂದೆ ಹೋಗುವವಳ ಚೀಲದಲ್ಲಿ ಸಾಮಾನೆಲ್ಲ ಇರುತ್ತದೆ, ಬಳಸಿ ಅಭ್ಯಾಸವಿರುವುದಿಲ್ಲ. ಹಿಮದಡಿ ಹೋದವನು ಅವನೇ ಆದರೆ ಅಗೆಯುವವರು ಯಾರು? ಹೆಂಗಸರೇ ಇರುವ ಕಡೆ ಸಲಿಕೆ ಎಲ್ಲರ ಕೈಗೂ ಬರುತ್ತದೆ, ದಡ್ಡ ಪ್ರಶ್ನೆ ಎಂದು ಯಾರೂ ನುಂಗಿಕೊಳ್ಳಬೇಕಿಲ್ಲ. ನನಗಂತೂ ಈ ವಾದ ಸರಿಯೆನಿಸುತ್ತದೆ.

ಸಾಮಾನು ಮುಖ್ಯವಾಗಿ ಮೂರು. ಮೊದಲನೆಯದು ಬೀಕನ್. ಎದೆಗೆ ಕಟ್ಟಿಕೊಳ್ಳುವ ಪುಟ್ಟ ರೇಡಿಯೋ ಅದು. ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್ ಎಂದು ಅಜ್ಜ ಅಜ್ಜಿಯರಿಗೆ ನೆನಪಿದ್ದೀತು. ಬೀಕನ್ನಿನದು 457, ಯಾವ ದೇಶಕ್ಕೆ ಹೋದರೂ ಅದೇ. ದಾರಿಯುದ್ದಕ್ಕೂ ಎಲ್ಲರ ಬೀಕನ್ನೂ ಸದ್ದಿಲ್ಲದೆ ಸಂಕೇತ ಕಳಿಸುತ್ತಿರುತ್ತದೆ. ಒಬ್ಬರು ಹೂತುಹೋದರೆ ಉಳಿದವರು ತಮ್ಮದನ್ನು ಹುಡುಕುವ ಕಡೆಗೆ ತಿರುಗಿಸುತ್ತಾರೆ. ಹತ್ತಿರವಾದಷ್ಟೂ ಅದರಲ್ಲಿ ಅಂಕಿ ಇಳಿಯುತ್ತದೆ, 30, 18, 6, 2. ಆಗ ಎರಡನೆಯದು, ಮಡಚಿಟ್ಟ ಉದ್ದನೆಯ ಕೋಲು. ಬಿಚ್ಚಿ ಹಿಮದೊಳಗೆ ಚುಚ್ಚುತ್ತಾ ಹೋಗಬೇಕು. ಮೆತ್ತಗೆ ತಾಗಿದಲ್ಲಿ ಕೋಲನ್ನು ಹಾಗೇ ಬಿಟ್ಟು, ಇಳಿಜಾರಿನ ಕೆಳಬದಿಯಿಂದ ಸಲಿಕೆಯಲ್ಲಿ ತೋಡಬೇಕು. ಕೈಯಲ್ಲಿ ತೋಡಲಾಗದು, ಕುಸಿದು ನಿಂತ ಹಿಮ ಸಿಮೆಂಟಿನಂತೆ ಬಿಗಿಯುತ್ತದೆ. ತರಬೇತಿಯಲ್ಲಿ ಚೀಲವೊಂದರಲ್ಲಿ ಬೀಕನ್ ಇಟ್ಟು ಹೂತು, ಗಡಿಯಾರ ಹಿಡಿದು ಹುಡುಕಿಸುತ್ತಾರೆ. ಕಣ್ಣಾಮುಚ್ಚಾಲೆಯೇ ಸರಿ, ಆದರೆ ಬೆವರು ಕಿತ್ತುಬರುವ ಕಣ್ಣಾಮುಚ್ಚಾಲೆ.

ಗಡಿಯಾರ ಯಾಕೆಂದರೆ, ಮೊದಲ ಹತ್ತು ನಿಮಿಷದೊಳಗೆ ಹೊರತೆಗೆದವರಲ್ಲಿ ಬಹುತೇಕರು ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಆಸೆ ಬಹಳ ಕಡಿಮೆ. ನಮ್ಮ ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರನ್ನು ದೊಡ್ಡವರು ಮರೆತಿರಲಾರರು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹತ್ತು ಮಂದಿ ಯೋಧರು ಹಿಮದಡಿ ಸಿಲುಕಿದರು. ದಿನಗಳು ಕಳೆದ ಮೇಲೆ ಸೇನೆಯವರು ಅಗೆದು ತೆಗೆದಾಗ ಅವರೊಬ್ಬರಿಗೆ ಉಸಿರಿತ್ತು. ಊರೂರಲ್ಲಿ ಪೂಜೆ, ಪ್ರಾರ್ಥನೆ ನಡೆದವು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಅಷ್ಟು ದಿನ ಜೀವ ಹಿಡಿದದ್ದು ತೀರಾ ಅಪರೂಪ. ಬೆಟ್ಟದಲ್ಲಿ ಸ್ಕೀ ಮಾಡುವವರು ಅದನ್ನು ನಂಬಿಕೊಂಡು ಹೊರಡುವಂತಿಲ್ಲ, ಜೊತೆಯಲ್ಲಿ ಸೇನೆಯೂ ಇರುವುದಿಲ್ಲ. ಪಕ್ಕದಲ್ಲಿದ್ದವರೇ ಅಗೆಯಬೇಕು.

ಅಗೆಯುವ ಗತಿಯೇ ಬಾರದಂತೆ ನೋಡಿಕೊಳ್ಳುವುದು ಇನ್ನೂ ದೊಡ್ಡ ಪಾಠ. ಇಯಾನ್ ಮೆಕ್‌ಕ್ಯಾಮನ್ ಎಂಬವರು ಅಮೆರಿಕದ 715 ಹಿಮಕುಸಿತ ಅಪಘಾತಗಳ ದಾಖಲೆ ಹರಡಿಕೊಂಡು ಕೂತು ಓದಿದರು. ಅಪಾಯದ ಗುರುತುಗಳು ಕಣ್ಣೆದುರೇ ಇದ್ದರೂ ಜನ ಮುಂದೆ ಹೋಗಿದ್ದರು. ಗೊತ್ತಿರುವ ಜಾಗವಲ್ಲವೇ, ಮುಂದಾಳು ಬಲ್ಲವನಲ್ಲವೇ, ಇಷ್ಟು ದೂರ ಬಂದು ತಿರುಗುವುದೇ, ನಾಲ್ಕು ಜನ ಏನೆಂದುಕೊಂಡಾರು, ಹೀಗೆ. ಅದಕ್ಕೇ ಈ ತರಗತಿಗಳಲ್ಲಿ ಬಾಯಿಬಿಟ್ಟು ಹೇಳುವುದನ್ನೂ ಅಭ್ಯಾಸ ಮಾಡಿಸುತ್ತಾರೆ. ಗುಂಪಿನಲ್ಲಿ ಯಾರೊಬ್ಬರು "ಬೇಡ" ಎಂದರೂ ಎಲ್ಲರೂ ಹಿಂದಿರುಗಬೇಕು. ಅವಳೇ ಎಲ್ಲರಿಗಿಂತ ಚಿಕ್ಕವಳಾಗಿರಲಿ, ನಿನ್ನೆಯಷ್ಟೇ ಕಲಿತವಳಾಗಿರಲಿ, ಅವಳ ಬೇಡಕ್ಕೆ ಕಾರಣ ಕೊಡಬೇಕಿಲ್ಲ, ಆಮೇಲೆ ಅವಳನ್ನು ಯಾರೂ ಛೇಡಿಸುವಂತೆಯೂ ಇಲ್ಲ.

ಹಪ್ಪಳದ ಪ್ರಯೋಗ ಮಾಡಿದವರು ತಟ್ಟೆ ಎಷ್ಟು ಡಿಗ್ರಿ ಓರೆಯಾದಾಗ ಜಾರಿತೆಂದು ಅಳೆದು ಕಾರ್ಡಿನಲ್ಲಿ ಬರೆಯಿರಿ. ಸಕ್ಕರೆಯ ಬದಲು ರವೆ ಹಾಕಿದರೆ ಎಷ್ಟು ಎಂಬುದನ್ನೂ ನೋಡಿ. ಆಮೇಲೆ ಹಪ್ಪಳವನ್ನು ಚೆನ್ನಾಗಿ ಒರೆಸಿ ಅಜ್ಜಿಯ ಕೈಗೆ ಕೊಡಿ, ಕರಿದುಕೊಟ್ಟಾರು.