ಹಳೆಯ ವಿಮಾನದ ಮಿತವ್ಯಯ

ನೈಜೀರಿಯದ ಅಧ್ಯಕ್ಷ ಟಿನುಬು ಅವರಿಗೆಂದು 2024ರ ಆಗಸ್ಟಿನಲ್ಲಿ ಬಂದಿಳಿದ, ಖಾಸಗಿ ಬಳಕೆಗೆ ಅಣಿಮಾಡಿದ ಏರ್‌ಬಸ್ ಎ330 ವಿಮಾನ ಹೊಸದಲ್ಲವಂತೆ, ಹಳೆಯದಂತೆ. ಆದಕಾರಣ ಅದು ಮಿತವ್ಯಯವಂತೆ!

ಸಮರ್ಥಕರ ವಾದ ತೀರ ಟೊಳ್ಳೇನೂ ಅಲ್ಲ. ಮೊದಲಿದ್ದ ಬೋಯಿಂಗಿಗೆ ಸುಮಾರು 19 ವರ್ಷ ತುಂಬಿತ್ತು. ಅದೇ ವರ್ಷದ ಏಪ್ರಿಲಿನಲ್ಲಿ ಅದು ಕೆಟ್ಟು, ಅಧ್ಯಕ್ಷರು ನೆದರ್ಲೆಂಡ್ಸಿನಿಂದ ಸೌದಿ ಅರೇಬಿಯಕ್ಕೆ ಬಾಡಿಗೆ ವಿಮಾನ ಹಿಡಿಯಬೇಕಾಯಿತು. ಒಪ್ಪೋಣ. ಆದರೆ ಮುದಿ ಎತ್ತನ್ನು ಬದಲಿಸಹೊರಟವನು ಆನೆಯನ್ನು ತಂದು ಕಟ್ಟುವುದುಂಟೆ? ವಿಮಾನ ಕಂಪನಿಗಳ ಕೈಯಲ್ಲಿ ಸುಮಾರು 250 ಜನರನ್ನು ಖಂಡದಿಂದ ಖಂಡಕ್ಕೆ ಹೊರುವ ಒಡಲು ಅದು. ಕೊಂಡ ಬೆಲೆ ಹತ್ತು ಕೋಟಿ ಡಾಲರೆಂದು ಪತ್ರಿಕೆಗಳು ಬರೆದವು. ಅದು ಬರಿಯ ಬಾಗಿಲ ಸುಂಕ. ವಿಮಾನ ಹಳೆಯದೆಂದು ಇಂಧನದವನು ಅರ್ಧ ಬೆಲೆ ತೆಗೆದುಕೊಳ್ಳುವುದಿಲ್ಲ, ಎಂಜಿನ್ ಬಿಚ್ಚುವವನೂ ಇಲ್ಲ. ವಯಸ್ಸೇರಿದಷ್ಟೂ ತಪಾಸಣೆಯ ಖರ್ಚೇ ಹೆಚ್ಚು.

ಆ ಜೂನಿನಲ್ಲಿ ಅಲ್ಲಿನ ಆಹಾರದ ಬೆಲೆ ಹಿಂದಿನ ವರ್ಷಕ್ಕಿಂತ ಶೇಕಡ 40ರಷ್ಟು ಏರಿತ್ತು. ವಿಮಾನ ಬಂದ ತಿಂಗಳಲ್ಲೇ ಜನ ಹಸಿವೆಂದು ಬೀದಿಗಿಳಿದರು. ಕೆಲವರು ಮನೆಗೆ ಮರಳಲಿಲ್ಲ. 2023ರಲ್ಲಿ ಪೆಟ್ರೋಲಿನ ಸಬ್ಸಿಡಿ ಕಿತ್ತು ತಾಳ್ಮೆಯ ಪಾಠ ಹೇಳಿದ್ದೂ ಇದೇ ಸರ್ಕಾರ. ಉಳಿತಾಯದ ಮಾತು ನಿಜವಾದರೆ ಬೋಯಿಂಗಿನ ಖರ್ಚನ್ನೂ ಈ ಆನೆಯ ಖರ್ಚನ್ನೂ ಅಕ್ಕಪಕ್ಕ ಬರೆದು ಆ ಜನರ ಮುಂದಿಡಲಿ.