ಗಂಬೋರೊ: ತಳಿಯ ವರದಿ ಶೆಡ್ಡಿಗೂ ಬರಲಿ

ಮೂರು–ನಾಲ್ಕು ವಾರದ ಬ್ರಾಯ್ಲರ್ ಮರಿಗಳು ಗರಿ ಕೆದರಿಕೊಂಡು ತೂಕಡಿಸುತ್ತ, ಬಿಳಿಯಾಗಿ ಭೇದಿ ಮಾಡುತ್ತ ಸಾಯತೊಡಗಿದರೆ, ಪಶುವೈದ್ಯರು ಸತ್ತ ಕೋಳಿಯನ್ನು ಕೊಯ್ದು ಗುದದ್ವಾರದ ಮೇಲಿರುವ ಬರ್ಸಾ ಎಂಬ ಪುಟ್ಟ ಅಂಗವನ್ನು ನೋಡುತ್ತಾರೆ. ಅದು ಊದಿ, ಮೇಲೆ ಹಳದಿ ಲೋಳೆ ಮೆತ್ತಿಕೊಂಡು, ತೊಡೆಯ ಮಾಂಸದಲ್ಲಿ ರಕ್ತದ ಗೆರೆಗಳೂ ಕಂಡರೆ ಗಂಬೋರೊ ಎನ್ನಲು ಹೆಚ್ಚು ಹೊತ್ತು ಬೇಕಿಲ್ಲ. ತಪಾಸಣೆ ಬಹಳ ಸಲ ಅಲ್ಲಿಗೇ ನಿಲ್ಲುತ್ತದೆ. ಅದು ಸಾಲದು; ವೈರಾಣುವಿನ ತಳಿ ಯಾವುದೆಂದೂ ತಿಳಿಯಬೇಕು.

1962ರಲ್ಲಿ ಅಮೆರಿಕದ ಡೆಲವೇರ್‌ನ ಗಂಬೋರೊ ಎಂಬ ಊರಿನಿಂದ ವರದಿಯಾದ ಈ ರೋಗದ ವೈರಾಣು 1980ರ ದಶಕದಲ್ಲಿ ಹೊಸ ರೂಪಗಳನ್ನು ತಳೆಯಿತು. ಅಮೆರಿಕದಲ್ಲಿ ಹಳೆಯ ಲಸಿಕೆಗೆ ಜಗ್ಗದ ರೂಪಾಂತರಿಗಳು, ಯುರೋಪಿನಲ್ಲಿ ಕೋಳಿಗಳನ್ನು ರಾಶಿರಾಶಿಯಾಗಿ ಕೊಲ್ಲುವ ಅತಿ ಉಗ್ರ ತಳಿ. ಈ ಉಗ್ರ ತಳಿ 1990ರ ದಶಕದ ಆರಂಭದಲ್ಲೇ ಭಾರತಕ್ಕೂ ಬಂತು. ಬರ್ಸಾ ಹಾಳಾದ ಮರಿ ಬದುಕಿದರೂ ಅದರ ರೋಗನಿರೋಧಕ ಶಕ್ತಿ ಕುಸಿದಿರುತ್ತದೆ. ರಾಣಿಖೇತ್ ರೋಗದ ಲಸಿಕೆಯೂ ಸರಿಯಾಗಿ ನಾಟುವುದಿಲ್ಲ. ಆಮೇಲೆ ಬರುವ ಇ-ಕೊಲೈ ಸೋಂಕಿಗೆ ಆ್ಯಂಟಿಬಯೋಟಿಕ್ ಸುರಿಯುವುದು ಶುರುವಾಗುತ್ತದೆ.

ತಳಿಯ ಗುರುತು ವೈರಾಣುವಿನ ಹೊರಕವಚದ ವಿಪಿ2 ಪ್ರೋಟೀನಿನಲ್ಲಿದೆ. ಅದರ 222, 256, 294, 299ನೇ ಸ್ಥಾನಗಳಲ್ಲಿ ಯಾವ ಅಮೈನೋ ಆಮ್ಲ ಇದೆ ಎಂಬುದು ಉಗ್ರ ತಳಿಯನ್ನು ಉಳಿದವುಗಳಿಂದ ಬೇರ್ಪಡಿಸಲು ನೆರವಾಗುತ್ತದೆ. ಇದು ಬರೀ ವಿಜ್ಞಾನಿಗಳ ಕುತೂಹಲದ ವಿಷಯವಲ್ಲ. ಮರಿಗಳಿಗೆ ಕುಡಿಯುವ ನೀರಿನಲ್ಲಿ ಕೊಡುವ ಲಸಿಕೆಯೂ ಜೀವಂತ ವೈರಾಣುವೇ. ಸತ್ತ ಕೋಳಿಯಲ್ಲಿ ‘ಗಂಬೋರೊ ಪಾಸಿಟಿವ್’ ಎಂದು ಬಂದರೆ ಅದು ಹೊರಗಿನಿಂದ ಬಂದ ವೈರಾಣುವೋ ಲಸಿಕೆಯದೋ ಎಂದು ಹೇಳಬಲ್ಲದ್ದು ವಿಪಿ2 ಜೀನಿನ ಈ ಓದು. ಅದಿಲ್ಲದೆ ಒಂದು ಬ್ಯಾಚ್ ಹೋದ ಕೂಡಲೇ ಮುಂದಿನದಕ್ಕೆ ಇನ್ನೂ ಬಿರುಸಾದ ‘ಇಂಟರ್‌ಮೀಡಿಯೆಟ್ ಪ್ಲಸ್’ ಲಸಿಕೆ ಹಾಕುವುದು ಅಂದಾಜಿನ ಚಿಕಿತ್ಸೆ. ತಾಯಿಯಿಂದ ಬಂದ ಪ್ರತಿಕಾಯಗಳನ್ನು ಮೀರಿ ಕೆಲಸ ಮಾಡಬಲ್ಲ ಆ ಲಸಿಕೆ ಬರ್ಸಾಕ್ಕೆ ತಾನೂ ಒಂದಿಷ್ಟು ಹಾನಿ ಮಾಡುತ್ತದೆ.

ವಿಪಿ2 ಒಂದನ್ನೇ ಓದಿ ಮುಗಿಸುವಂತೆಯೂ ಇಲ್ಲ. ಈ ವೈರಾಣುವಿನ ಆರ್‌ಎನ್‌ಎ ಎರಡು ತುಂಡುಗಳಲ್ಲಿದೆ. ಎರಡು ತಳಿಗಳು ಒಂದೇ ಕೋಳಿಯಲ್ಲಿ ಸೇರಿದರೆ ತುಂಡುಗಳು ಅದಲುಬದಲಾಗಬಹುದು. ಎರಡನೇ ತುಂಡಿನ ವಿಪಿ1 ಜೀನನ್ನೂ ಓದದ ವರದಿ ಅರ್ಧ ವರದಿ.

ಗುತ್ತಿಗೆ ಸಾಕಣೆಯಲ್ಲಿ ಮರಿ, ಆಹಾರ, ಲಸಿಕೆ ಎಲ್ಲ ಕಂಪನಿಯದು. ಶೆಡ್ಡು, ದುಡಿಮೆ ರೈತನದು. ಕೋಳಿ ಮಾರಾಟವಾಗಿ ಹೋದ ಮೇಲೂ ಈ ವೈರಾಣು ಶೆಡ್ಡಿನಲ್ಲಿ ನಾಲ್ಕು ತಿಂಗಳವರೆಗೆ ಬದುಕಬಲ್ಲದು. ಹಾಗಿರುವಾಗ ತಳಿಯ ವಿವರ ಸಂಶೋಧನಾ ಪ್ರಬಂಧದಲ್ಲೋ ಕಂಪನಿಯ ಕಡತದಲ್ಲೋ ಉಳಿದರೆ ರೈತನಿಗೆ ಏನು ದಕ್ಕಿತು? ಬರ್ಸಾದ ಮಾದರಿಯನ್ನು ಎಫ್‌ಟಿಎ ಕಾರ್ಡ್ ಎಂಬ ವಿಶೇಷ ಕಾಗದಕ್ಕೆ ಒತ್ತಿದರೆ ಐಸ್ ಪೆಟ್ಟಿಗೆಯಿಲ್ಲದೆಯೂ ಲ್ಯಾಬಿಗೆ ಕಳಿಸಬಹುದು. ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಂಥ ಸರ್ಕಾರಿ ಸಂಸ್ಥೆಗಳು ಹೀಗೆ ಮಾದರಿಗಳನ್ನು ವರ್ಷವಿಡೀ ಸಂಗ್ರಹಿಸಲಿ. ಹಾಕಿದ ಲಸಿಕೆ, ಹಾಕಿದ ದಿನ, ಸಿಕ್ಕ ತಳಿ ಈ ಮೂರನ್ನೂ ಬರೆದ ವರದಿ, ಮುಂದಿನ ಮರಿಗಳು ಶೆಡ್ಡಿಗೆ ಇಳಿಯುವ ಮುನ್ನ ಕನ್ನಡದಲ್ಲಿ ರೈತನ ಕೈ ಸೇರಲಿ.