ಜಿಮ್ ಇದೆ ಸರಿ, ಶಿಫ್ಟ್ ಎಷ್ಟು ಗಂಟೆ?

ಪ್ಲೇಸ್‌ಮೆಂಟ್ ಸೀಸನ್ ಬಂತು ಅಂದ್ರೆ ಕಂಪನಿಗಳ ಪಿಪಿಟಿಯಲ್ಲಿ ಒಂದು ಸ್ಲೈಡ್ ಖಾಯಂ. ಜಿಮ್, ಯೋಗ, ಟೇಬಲ್ ಟೆನಿಸ್, ಕೌನ್ಸೆಲಿಂಗ್ ಹೆಲ್ಪ್‌ಲೈನ್. ಮೇಲೆ ದಪ್ಪ ಅಕ್ಷರದಲ್ಲಿ 'ವೆಲ್‌ನೆಸ್'. ನಾವೆಲ್ಲ ತಲೆಯಾಡಿಸಿ ಮುಂದಿನ ಸ್ಲೈಡಿನ ಸಿಟಿಸಿಗೆ ಕಾಯುತ್ತೇವೆ. ಆ ಸ್ಲೈಡನ್ನು ಇನ್ನೂ ಸ್ವಲ್ಪ ಹೊತ್ತು ನೋಡಬೇಕು ಅನ್ನೋದು ನಮ್ಮ ವಾದ. ಕೆಲಸದ ಜಾಗದಲ್ಲಿ ಆರೋಗ್ಯ ಕಾಯೋದು ಅಂದ್ರೇನು ಅಂತ ತಿಳಿಯೋಕೆ ಬೆಂಗಳೂರಿಗೆ ಹೋಗಬೇಕಿಲ್ಲ. ನಮ್ಮ ಕಾರವಾರ ತಾಲ್ಲೂಕಿನ ಕೈಗಾ ಸಾಕು.

ಕೈಗಾದಲ್ಲಿ ವಿಕಿರಣ ಇರುವ ಜಾಗಕ್ಕೆ ಹೋಗುವವರು ಟಿಎಲ್‌ಡಿ ಬ್ಯಾಡ್ಜ್ ಹಾಕಿಕೊಂಡೇ ಹೋಗಬೇಕು. ಒಬ್ಬರಿಗೆ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ದಾಟುವಂತಿಲ್ಲ, ಸತತ ಐದು ವರ್ಷ ಸೇರಿ 100 ದಾಟುವಂತಿಲ್ಲ. ಇದು ಎಇಆರ್‌ಬಿ ನಿಯಮ. ಜೊತೆಗೆ ಆಗಾಗ ಮೂತ್ರ ಪರೀಕ್ಷೆ. 2009ರ ನವೆಂಬರಿನಲ್ಲಿ ಅಲ್ಲಿನ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಇದ್ದ ಭಾರಜಲ ಸೇರಿಕೊಂಡಿತು. ಐವತ್ತಕ್ಕೂ ಹೆಚ್ಚು ಜನ ಅದನ್ನು ಕುಡಿದರು. ಯಾರೋ ಬೇಕಂತಲೇ ಬೆರೆಸಿದ್ದು ಅಂತ ಆಗ ಮೇಲಿನವರೇ ಹೇಳಿದ್ದರು. ರುಚಿ ನೋಡಿ, ವಾಸನೆ ನೋಡಿ ಗೊತ್ತಾಗುವ ವಸ್ತು ಅದಲ್ಲ. ಸಿಕ್ಕಿಬಿದ್ದದ್ದು ಅದೇ ಮಾಮೂಲಿ ಮೂತ್ರ ಪರೀಕ್ಷೆಯಲ್ಲಿ. ಆ ಬೋರಿಂಗ್ ಪರೀಕ್ಷೆ ಇರದಿದ್ದರೆ ಆ ಕೂಲರಿನಿಂದ ಇನ್ನೆಷ್ಟು ದಿನ, ಇನ್ನೆಷ್ಟು ಜನ ನೀರು ಕುಡಿಯುತ್ತಿದ್ದರೋ! ಕೆಲಸಗಾರರ ಜೀವ, ಸ್ಥಾವರದ ಮಾನ ಎರಡನ್ನೂ ಉಳಿಸಿದ್ದು ಅದು.

ಅದೇ ಕೈಗಾದ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಬರೆಯಿತು. ಓಡಿದ್ದು ರಿಯಾಕ್ಟರ್. ಓಡಿಸಿದವರು ಶಿಫ್ಟ್ ಮುಗಿಸಿ ಮನೆಗೆ ಹೋಗಿ ಮಲಗಿದರು. ನಿದ್ದೆಗೆಟ್ಟವನ ಕೈಗೆ ಕಂಟ್ರೋಲ್ ರೂಮ್ ಯಾರು ಕೊಡ್ತಾರೆ ಮಾರಾಯ್ರೆ?

ಈಗ ಜಿಮ್ ಸ್ಲೈಡಿಗೆ ಬರೋಣ. ವೆಲ್‌ನೆಸ್‌ಗೆ ಒಂದು ಡಾಲರ್ ಹಾಕಿದರೆ ವೈದ್ಯಕೀಯ ಖರ್ಚಿನಲ್ಲಿ ಮೂರು ಡಾಲರಿಗಿಂತ ಹೆಚ್ಚು ಉಳಿಯುತ್ತೆ ಅಂತ 2010ರಲ್ಲಿ ಅಮೆರಿಕದ ಒಂದು ಸಂಶೋಧನಾ ಲೇಖನ ಹೇಳಿತ್ತು. ಅದರ ಲೇಖಕರಲ್ಲೇ ಇಬ್ಬರು, ಕ್ಯಾಥರೀನ್ ಬೈಕರ್ ಮತ್ತು ಝಿರುಯಿ ಸಾಂಗ್, ಮುಂದೆ ಸುಮಾರು 33,000 ಕೆಲಸಗಾರರಿರುವ ಅಂಗಡಿ ಸರಣಿಯೊಂದರಲ್ಲಿ ಲಾಟರಿ ಎತ್ತಿದಂತೆ ಕೆಲವು ಅಂಗಡಿಗಳನ್ನು ಆರಿಸಿ ಕಾರ್ಯಕ್ರಮ ನಡೆಸಿ ನೋಡಿದರು. ಫಲಿತಾಂಶ 2019ರಲ್ಲಿ ಬಂತು. ಹದಿನೆಂಟು ತಿಂಗಳ ನಂತರ ಜನ 'ನಾವು ವ್ಯಾಯಾಮ ಮಾಡ್ತೀವಿ' ಅಂತ ಹೆಚ್ಚು ಹೇಳಿದರು, ಅಷ್ಟೇ. ಬಿಪಿ, ಕೊಲೆಸ್ಟ್ರಾಲ್, ರಜೆ, ಆಸ್ಪತ್ರೆ ಖರ್ಚು ಯಾವುದರಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಹಾಗಾದ್ರೆ ಮೊದಲಿನ ಲೆಕ್ಕ? ಬೆಳಿಗ್ಗೆ ಐದಕ್ಕೆ ಎದ್ದು ಓಡುವವನೇ ಕಂಪನಿ ಮ್ಯಾರಥಾನ್‌ಗೂ ಹೆಸರು ಕೊಡ್ತಾನೆ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ನಡೆದ ಇನ್ನೊಂದು ಅಧ್ಯಯನವೂ ಇದನ್ನೇ ಕಂಡಿತು: ಸೇರುವವರು ಮೊದಲೇ ಗಟ್ಟಿಮುಟ್ಟಾದವರು.

ಹಾಗಂತ ಹೆಲ್ಪ್‌ಲೈನ್ ಬೇಡ ಅಂತಲ್ಲ. ಫೋನ್ ಮಾಡಿದ್ದು ಮ್ಯಾನೇಜರಿಗೆ ಗೊತ್ತಾಗಲ್ಲ ಅನ್ನೋ ಧೈರ್ಯ ಇದ್ದರೆ ಅದು ಬೇಕೇಬೇಕು. ಆದರೆ 2024ರ ಜುಲೈನಲ್ಲಿ ನಮ್ಮ ರಾಜ್ಯದಲ್ಲೇ ಐಟಿಯವರಿಗೆ ದಿನಕ್ಕೆ 14 ಗಂಟೆ ಕೆಲಸದ ಪ್ರಸ್ತಾಪ ಬಂದಿತ್ತಲ್ಲ, ನೌಕರರ ಸಂಘ ಗಲಾಟೆ ಮಾಡಿತ್ತಲ್ಲ, ಅಂಥ ಕಡೆ ಹದಿನೈದನೇ ಗಂಟೆಗೆ ಯೋಗ ಕ್ಲಾಸ್ ಇಟ್ಟು ಏನುಪಯೋಗ? ಎಚ್‌ಆರ್ 'ಎನಿ ಕ್ವೆಶ್ಚನ್ಸ್' ಅಂದಾಗ ನಾವು ಕೇಳಬೇಕಾದ್ದು ಇದು: ನೈಟ್ ಶಿಫ್ಟ್ ಸತತ ಎಷ್ಟು ದಿನ? ಹೆಲ್ತ್ ಚೆಕಪ್ ಕಾಂಟ್ರಾಕ್ಟ್ ಕೆಲಸಗಾರರಿಗೂ ಇದೆಯಾ?

ಇನ್ನು ಯಾವ ಸ್ಲೈಡಿಗೂ ಬರದವರು ಇದ್ದಾರೆ. ಕಂಪನಿಗಳ ಮಾಲು ಸಾಗಿಸುವ ಲಾರಿ ಡ್ರೈವರುಗಳಿಗೆ ರಸ್ತೆಯೇ ಆಫೀಸು, ರಸ್ತೆ ಬದಿಯೇ ರೆಸ್ಟ್ ರೂಮ್. ಅದೇ 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ 66ರ ಬದಿಯ ಚಹಾದಂಗಡಿ, ಅಂಗಡಿಯವರ ಕುಟುಂಬ, ಅಲ್ಲಿ ಲಾರಿ ನಿಲ್ಲಿಸಿದ್ದ ಡ್ರೈವರುಗಳು ಎಲ್ಲ ಮಣ್ಣಿನಡಿ, ಗಂಗಾವಳಿಯ ಪಾಲಾದರು. ಒಂದು ಲಾರಿ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರಿನಲ್ಲಿ. ಕಡಿದ ಗುಡ್ಡದ ಬುಡದಲ್ಲಲ್ಲದೆ ಬೇರೆ ಕಡೆ ಲಾರಿ ನಿಲ್ಲಿಸಿ ಎರಡು ತಾಸು ಮಲಗೋಕೆ ಜಾಗ, ನೀರು, ಶೌಚಾಲಯ. ಇಷ್ಟನ್ನು ಹೆದ್ದಾರಿಯ ಡ್ರಾಯಿಂಗಿನಲ್ಲೇ ಸೇರಿಸೋದು ಇನ್ನು ಮೂರ್ನಾಲ್ಕು ವರ್ಷದಲ್ಲಿ ನಮ್ಮ ಸಿವಿಲ್ ಬ್ರಾಂಚಿನವರ ಕೈಗೇ ಬರುವ ಕೆಲಸ.